ಕೂಲೆಂಟ್ ಡಬ್ಬಿಯಲ್ಲಿ ಗುಲಾಬಿ ಕೆನೆ, ಗೇರು ಬೀಳುವಾಗ ನಡುಕ: ಎರಡಕ್ಕೂ ಸಂಬಂಧ ಇದೆಯಾ?

ಕಾಫಿತೋಟ_576 · ಸಕಲೇಶಪುರ · ಮಾರ್ಚ್ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗಾಡಿ 2016ರ ಡೀಸೆಲ್ ಎಸ್‌ಯುವಿ, 6 ಗೇರಿನ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿನ ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಇರೋದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ 1,12,000 ಕಿ.ಮೀ. ಆಗಿದೆ. ಕಂಪನಿ ಹೆಸರು ಬರೆಯಲ್ಲ, ಬರೆದರೆ ಚರ್ಚೆ ಪೂರ್ತಿ ಆ ಕಡೆಗೇ ತಿರುಗುತ್ತೆ.

ಎರಡು ತಿಂಗಳಿಂದ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಕಮ್ಮಿ ಆಗ್ತಾ ಇತ್ತು. ಗಾಡಿ ಕೆಳಗೆ ಒಂದು ತೊಟ್ಟೂ ಬಿದ್ದಿಲ್ಲ. ತೋಟದಲ್ಲಿ ಬೋರ್‌ವೆಲ್ ನೀರಿದೆಯಲ್ಲ, ಅದನ್ನೇ ಆಗಾಗ ಅರ್ಧ ಲೀಟರ್ ಹಾಕ್ಕೊಂಡು ಓಡಿಸ್ತಿದ್ದೆ. ಹೋದ ವಾರ ಮಂಗಳೂರಿಂದ ಬರ್ತಾ ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದೆ ನೋಡಿ, 3ರಿಂದ 4ಕ್ಕೆ ಬೀಳುವಾಗ ಗಾಡಿ ಸಣ್ಣಗೆ ನಡುಗಿತು. ಹೆದ್ದಾರಿಯಲ್ಲಿ ಬಿಳಿ ರಂಬಲ್ ಪಟ್ಟಿ ಮೇಲೆ ಹೋದರೆ ಆಗುತ್ತಲ್ಲ, ಅದೇ ಥರ. ಮಾರನಹಳ್ಳಿ ಹತ್ತಿರ ಮತ್ತೆ ಎರಡು ಸಲ. ಟೆಂಪರೇಚರ್ ಮುಳ್ಳು ಮಾತ್ರ ನಟ್ಟ ನಡುವೆ ಅಲ್ಲಾಡದೆ ನಿಂತಿತ್ತು.

ಗ್ಯಾರೇಜಿಗೆ ಬಿಟ್ಟೆ. ಒಂದು ರೌಂಡ್ ಓಡಿಸಿ "ಗೇರ್‌ಬಾಕ್ಸ್ ಹೋಗಿದೆ, ಎರಡೂವರೆ ಲಕ್ಷ" ಅಂದ್ರು. ಬಾನೆಟ್ ಕೂಡ ಎತ್ತಲಿಲ್ಲ. ಮನೆಗೆ ತಂದು ಇವತ್ತು ಬೆಳಿಗ್ಗೆ ನಾನೇ ಡಬ್ಬಿ ಮುಚ್ಚಳ ತೆಗೆದೆ. ಒಳಗೆ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗಿದೆ, ಬಣ್ಣ ಗುಲಾಬಿ. ಹಾಕಿರೋ ಕೂಲೆಂಟೇ ಗುಲಾಬಿ ಬಣ್ಣದ್ದು, ಹಾಗಾಗಿ ಇದು ಮಾಮೂಲೋ ಅಲ್ವೋ ಗೊತ್ತಾಗ್ತಿಲ್ಲ. ಇದಕ್ಕೂ ಗೇರಿನ ನಡುಕಕ್ಕೂ ಸಂಬಂಧ ಇರಬಹುದಾ?

ಫೋರ್ತ್‌ಬ್ಲಾಕ್_ಹುಡುಗ · ಬೆಂಗಳೂರು · ಮಾರ್ಚ್ 3, ರಾತ್ರಿ 9:52

ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ ಒಳಗೆ ಆಯಿಲ್, ಕೂಲೆಂಟ್ ಬೆರೆಯದ ಹಾಗೆ ತಡೆಯೋ ಹಾಳೆ, ಹೋಗಿದೆ ಸಾರ್. ಇಂಜಿನ್ ಆಯಿಲ್ ಬಂದು ಕೂಲೆಂಟಿಗೆ ಸೇರಿದೆ. ಗೇರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಎರಡೂ ಬೇರೆ ಬೇರೆ ರಿಪೇರಿ.

ಸ್ಪ್ಯಾನರ್_ಕಾಕಾ · ಹುಬ್ಬಳ್ಳಿ · ಮಾರ್ಚ್ 3, ರಾತ್ರಿ 10:15

ಕಾಫಿತೋಟ ಅವರ, ಮೊದಲ ಒಂದ್ ಕೆಲಸ ಮಾಡ್ರಿ. ಗಾಡಿ ಚಾಲೂ ಮಾಡಬ್ಯಾಡ್ರಿ. ಗೇಟ್ ತನಕಾನೂ ಬ್ಯಾಡ.

ತಮ್ಮಾ ಫೋರ್ತ್‌ಬ್ಲಾಕ್, ಡೀಸೆಲ್ ಗಾಡಿ ಇಂಜಿನ್ ಆಯಿಲ್ ಕಾಡಿಗಿಗತೆ ಕರ್ರಗ ಇರ್ತೈತಿ. ಅದು ಬೆರತ್ರ ಕೆನಿ ಚಾಕೊಲೇಟ್ ಬಣ್ಣಕ್ಕ ತಿರಗಬೇಕು, ಗುಲಾಬಿ ಹೆಂಗ ಬರ್ತೈತಿ? ಕೆಂಪು ಎಣ್ಣಿ ಇರೋದು ಗೇರ್‌ಬಾಕ್ಸಿನ್ಯಾಗ.

ಭಾಳ ಮಂದಿಗೆ ಗೊತ್ತಿಲ್ಲದ ಮಾತು ಹೇಳ್ತೀನಿ ಕೇಳ್ರಿ. ಇಂಥಾ ಗಾಡಿ ಒಳಗ ಗೇರ್ ಆಯಿಲ್ ತಣ್ಣಗ ಮಾಡೋದು ರೇಡಿಯೇಟರ್ರ. ಗೇರ್‌ಬಾಕ್ಸಿನಿಂದ ಎರಡು ಪೈಪ್ ಹೊಂಟು ರೇಡಿಯೇಟರಿನ ಬಾಜೂ ಟ್ಯಾಂಕಿನ್ಯಾಗ ಹೋಗ್ತಾವ. ಆ ಟ್ಯಾಂಕಿನೊಳಗ ಒಂದು ಸಣ್ಣ ಕೂಲರ್ ಮುಳುಗಿರ್ತೈತಿ. ಒಳಗ ಕೆಂಪು ಎಣ್ಣಿ, ಹೊರಗ ಕೂಲೆಂಟ್, ನಡುವ ತೆಳ್ಳನ ತಗಡು ಅಷ್ಟ. ಕೆಲವು ಗಾಡಿಯೊಳಗ ಇದ ಕೆಲಸಾನ ಗೇರ್‌ಬಾಕ್ಸ್ ಮ್ಯಾಲೆ ಕುಂತ ಇಟ್ಟಂಗಿ ಆಕಾರದ ಕೂಲರ್ ಮಾಡ್ತೈತಿ, ಅದಕ್ಕೂ ಕೂಲೆಂಟ್ ಪೈಪ್ ಬಂದಿರ್ತಾವ. ಆ ತಗಡು ತೂತು ಬಿತ್ತಂದ್ರ ಕತಿ ಮುಗೀತು.

ಖಾತ್ರಿ ಮಾಡ್ಕೊಳ್ಳೋದು ಸರಳ ಐತಿ. ಇಂಜಿನ್ ಪೂರ್ತಿ ತಣ್ಣಗಾದ ಮ್ಯಾಲೆ ಸಿರಿಂಜ್ ಒಳಗ ಆ ಕೆನಿ ಸ್ವಲ್ಪ ಎಳೀರಿ. ಗಾಜಿನ ಲೋಟದಾಗ ಬಿಸಿನೀರು ತಗೊಂಡು ನಾಕು ಹನಿ ಬಿಡ್ರಿ. ಬರೇ ಕೂಲೆಂಟ್ ಇದ್ದರ ನೀರಾಗ ಕರಗಿ ಹೋಗ್ತೈತಿ. ಎಣ್ಣಿ ಇದ್ದರ ಮ್ಯಾಲೆ ತೇಲ್ತೈತಿ, ಬೆರಳಿಗೆ ಹಚ್ಚಿದ್ರ ನೀರಿಗೆ ಹೋಗಂಗಿಲ್ಲ, ಸಾಬೂನೇ ಬೇಕು. ಆಮ್ಯಾಲೆ ಯಾರನ್ನರ ಕರಸಿ ಕೂಲರ್ ಪೈಪ್ ಕ್ಲಿಪ್ ಬಿಚ್ಚಿಸಿ ಸ್ವಲ್ಪ ಗೇರ್ ಆಯಿಲ್ ತಗೀರಿ. ಕಾದ ತಗಡಿನ ಮ್ಯಾಲೆ ಒಂದು ಹನಿ ಹಾಕ್ರಿ. ಒಗ್ಗರಣಿಗತೆ ಚಟಪಟ ಅಂದ್ರ ಎಣ್ಣಿಯೊಳಗ ನೀರು ಸೇರೈತಿ ಅಂತ ತಿಳ್ಕೋರಿ. ಬಯಲಾಗ ಮಾಡ್ರಿ, ಹೊಗಿ ಕುಡೀಬ್ಯಾಡ್ರಿ.

ಕುಡ್ಲ_ಸವಾರಿ · ಮಂಗಳೂರು · ಮಾರ್ಚ್ 3, ರಾತ್ರಿ 10:31

ಅಡುಗೆಮನೆಯ ದೋಸೆಕಲ್ಲಿನಲ್ಲಿ ಮಾತ್ರ ಮಾಡಬೇಡಿ ಮಾರಾಯ್ರೆ. ಕೂಲೆಂಟ್ ಅಂದ್ರೆ ಎಥಿಲೀನ್ ಗ್ಲೈಕಾಲ್, ವಿಷ ಅದು. ರುಚಿ ಬೇರೆ ಸಿಹಿ ಉಂಟು, ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕಿದ್ರೆ ಕಷ್ಟ.

ಕಾಫಿತೋಟ_576 · ಸಕಲೇಶಪುರ · ಮಾರ್ಚ್ 4, ಮಧ್ಯಾಹ್ನ 1:05

ಅಮ್ಮನ ಕಾವಲಿ ಮುಟ್ಟಿಲ್ಲ, ಕೊಟ್ಟಿಗೆ ಹಿಂದೆ ಇದ್ದ ಹಳೇ ತಗಡಿನ ಮುಚ್ಚಳ ಕಾಯಿಸಿದೆ. ದನಕ್ಕೆ ಇಂಜೆಕ್ಷನ್ ಕೊಡೋ ದೊಡ್ಡ ಸಿರಿಂಜ್ ಮನೇಲೇ ಇತ್ತು.

ಲೋಟದ ಪರೀಕ್ಷೆ: ಅರ್ಧ ಕರಗಿತು, ಅರ್ಧ ಕೆಂಪು ಕಣ್ಣುಕಣ್ಣಾಗಿ ಮೇಲೆ ತೇಲಿತು, ಸಾರಿನ ಮೇಲೆ ಎಣ್ಣೆ ನಿಲ್ಲುತ್ತಲ್ಲ ಹಾಗೆ. ಊರಿನ ಮೆಕ್ಯಾನಿಕ್ ಬಂದು ಕೂಲರ್ ಪೈಪಿಂದ ಸ್ವಲ್ಪ ಇಳಿಸಿಕೊಟ್ಟ. ಕೆಂಪು ಎಣ್ಣೆ ಬರಬೇಕಿತ್ತು, ಬಂದಿದ್ದು ರೋಸ್ ಮಿಲ್ಕ್. ಇದು ಉತ್ಪ್ರೇಕ್ಷೆ ಅಲ್ಲ, ಬೇಕರಿ ಬಾಟಲಿಯಲ್ಲಿ ಹಾಕಿಟ್ಟರೆ ಯಾರಾದ್ರೂ ಕುಡಿದುಬಿಡ್ತಾರೆ. ತಗಡಿನ ಮೇಲೆ ಹಾಕಿದ್ರೆ ಸಾಸಿವೆ ಸಿಡಿದ ಹಾಗೆ ಸಿಡೀತು.

ಅರ್ಥ ಆಗದೇ ಇರೋದು ಒಂದೇ. ತೂತು ಒಂದೇ ಕಡೆ ಇರೋವಾಗ ಎಣ್ಣೆ ಕೂಲೆಂಟಿಗೂ ಬಂದಿದೆ, ಕೂಲೆಂಟ್ ಎಣ್ಣೆಗೂ ಹೋಗಿದೆ. ಎರಡೂ ಹೇಗೆ ಆಗುತ್ತೆ?

ರಸಾಯನ_ಮೇಷ್ಟ್ರು · ಶಿವಮೊಗ್ಗ · ಮಾರ್ಚ್ 4, ಸಂಜೆ 6:20

ಒಳ್ಳೇ ಪ್ರಶ್ನೆ ಕೇಳಿದ್ರಿ. ಸ್ವಲ್ಪ ಪಾಠದ ಥರ ಆಗುತ್ತೆ, ಸಹಿಸಿಕೊಳ್ಳಿ.

ಗಾಡಿ ಓಡುವಾಗ ಗೇರ್‌ಬಾಕ್ಸಿನ ಪಂಪ್ ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತಿರುತ್ತೆ. ಕೂಲರಿನಲ್ಲಿ ಆ ಒತ್ತಡ ಸಾಮಾನ್ಯವಾಗಿ ಕೂಲೆಂಟಿನ ಒತ್ತಡಕ್ಕಿಂತ ಜಾಸ್ತಿ. ಹಾಗಾಗಿ ಎಣ್ಣೆ ತೂತಿನಿಂದ ಕೂಲೆಂಟಿಗೆ ನುಗ್ಗುತ್ತೆ. ಗಾಡಿ ಆಫ್ ಮಾಡಿದ್ರೆ ಪಂಪ್ ನಿಂತು ಎಣ್ಣೆಯ ಒತ್ತಡ ಸೊನ್ನೆ ಆಗುತ್ತೆ. ಆದರೆ ಕೂಲೆಂಟ್ ಇನ್ನೂ ಬಿಸಿಯಾಗಿದೆ, ಮುಚ್ಚಳ ಅದನ್ನ ಸುಮಾರು 1 ಬಾರ್ ಒತ್ತಡದಲ್ಲಿ ಹಿಡಿದಿಟ್ಟಿದೆ. ಆಗ ಹರಿವು ತಿರುಗುತ್ತೆ. ನೀವು ಮನೆಗೆ ಬಂದು ಬೀಗ ಹಾಕಿ ಕಾಫಿ ಕುಡಿಯೋ ಹೊತ್ತಿನಲ್ಲಿ ಕೂಲೆಂಟ್ ಸದ್ದಿಲ್ಲದೆ ಗೇರ್‌ಬಾಕ್ಸಿಗೆ ಇಳಿಯುತ್ತಿರುತ್ತೆ. ನೆಲಕ್ಕೆ ತೊಟ್ಟು ಬೀಳದೆ ಮಟ್ಟ ಇಳಿದಿದ್ದು ಇದೇ ಲೆಕ್ಕ. ನೀವು ಅರ್ಧರ್ಧ ಲೀಟರ್ ಹಾಕಿದ ನೀರಿನಲ್ಲಿ ಒಂದು ಪಾಲು ಗೇರ್‌ಬಾಕ್ಸಿಗೇ ಹೋಗಿದೆ.

ಒಳಗೆ ಹೋದದ್ದು ಏನು ಮಾಡುತ್ತೆ ಅನ್ನೋದು ಮುಖ್ಯ. ಆಟೋಮ್ಯಾಟಿಕ್‌ನ ಕ್ಲಚ್ ಪ್ಲೇಟುಗಳು ಉಕ್ಕಿನ ಬಳೆಗಳು, ಅವುಗಳ ಮೇಲೆ ಕಾಗದದ ಜಾತಿಯ ಘರ್ಷಣೆ ಪದರವನ್ನು ಅಂಟಿಸಿರ್ತಾರೆ. ನೀರು ಆ ಪದರವನ್ನು ಉಬ್ಬಿಸುತ್ತೆ, ಗ್ಲೈಕಾಲ್ ಅಂಟನ್ನು ಸಡಿಲ ಮಾಡುತ್ತೆ. ಪದರ ಚಕ್ಕೆ ಚಕ್ಕೆಯಾಗಿ ಎದ್ದು ಫಿಲ್ಟರಿಗೆ, ಅಲ್ಲಿಂದ ಗೇರು ಬದಲಿಸೋಕೆ ಎಣ್ಣೆ ಹಂಚುವ ವಾಲ್ವ್ ಬಾಡಿಯ ಸಣ್ಣ ಕಾಲುವೆಗಳಿಗೆ ಹೋಗುತ್ತೆ. ಜೊತೆಗೆ ಎಣ್ಣೆ ನೊರೆ ಕಟ್ಟುತ್ತೆ, ನೊರೆಯನ್ನು ಪಂಪ್ ಸರಿಯಾಗಿ ಒತ್ತಲಾರದು. ಉಕ್ಕು ತುಕ್ಕು ಹಿಡಿಯೋದು ಇನ್ನೊಂದು. ನಿಮಗಾದ ನಡುಕ ಬಹುಶಃ ಲಾಕಪ್ ಕ್ಲಚ್ಚಿನದು, ಅಂದ್ರೆ ಕನ್ವರ್ಟರ್ ಜಾರದ ಹಾಗೆ ಬಿಗಿಹಿಡಿಯೋ ಕ್ಲಚ್ಚು. ಅದು ಗಟ್ಟಿಯಾಗಿ ಕಚ್ಚಬೇಕಾದ ಕಡೆ ಕಚ್ಚಿ-ಜಾರಿ-ಕಚ್ಚಿ ಮಾಡ್ತಾ ಇದೆ.

ದಾವಣಗೆರೆ_ಬೆಣ್ಣೆ · ದಾವಣಗೆರೆ · ಮಾರ್ಚ್ 4, ಸಂಜೆ 6:44

ಇದನ್ನೆಲ್ಲ ಓದಿ ಹೊಟ್ಟೇಲಿ ಚಿಟ್ಟೆ ಬಿಟ್ಟಂಗಾತು. ನಂದು ಎಎಂಟಿ ಗಾಡಿ. ನನಗೂ ಈ ಕಾಟ ಐತಾ?

ರಸಾಯನ_ಮೇಷ್ಟ್ರು · ಶಿವಮೊಗ್ಗ · ಮಾರ್ಚ್ 4, ಸಂಜೆ 7:02

ಇಲ್ಲ, ಆರಾಮಾಗಿರಿ. ಎಎಂಟಿ ಅಂದ್ರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸ್, ಕ್ಲಚ್ ಒತ್ತೋ, ಗೇರು ಹಾಕೋ ಕೆಲಸ ಯಂತ್ರ ಮಾಡುತ್ತೆ ಅಷ್ಟೇ. ಗೇರ್ ಆಯಿಲಿಗೆ ಕೂಲೆಂಟಿನ ಸಹವಾಸ ಇಲ್ಲ. ಡ್ರೈ ಕ್ಲಚ್ ಡಿಸಿಟಿಯಲ್ಲೂ (ಎರಡು ಕ್ಲಚ್ಚಿನ ಗೇರ್‌ಬಾಕ್ಸ್) ಕ್ಲಚ್ಚಿಗೆ ಗಾಳಿಯೇ ಗತಿ. ಕ್ಲಚ್ ಎಣ್ಣೆಯಲ್ಲಿರೋ ವೆಟ್ ಕ್ಲಚ್ ಡಿಸಿಟಿ, ಗೇರಿನ ಬದಲು ಬೆಲ್ಟು-ಪುಲ್ಲಿ ಇರೋ ಸಿವಿಟಿ, ಟಾರ್ಕ್ ಕನ್ವರ್ಟರ್ ಇವುಗಳಲ್ಲಿ ಬಹಳಷ್ಟಕ್ಕೆ ಕೂಲೆಂಟ್ ಹರಿಯುವ ಕೂಲರ್ ಇರುತ್ತೆ. ಸಿವಿಟಿಯಲ್ಲಂತೂ ಉಕ್ಕಿನ ಬೆಲ್ಟು ಪುಲ್ಲಿಯನ್ನು ಹಿಡಿಯೋದೇ ಆ ಎಣ್ಣೆಯ ಗುಣದ ಮೇಲೆ ನಿಂತಿದೆ. ಎಣ್ಣೆ ಕೆಟ್ಟರೆ ಬೆಲ್ಟು ಜಾರಿ ಪುಲ್ಲಿಗೆ ಗೀರು ಬೀಳುತ್ತೆ.

ಹ್ಯೂಸ್ಟನ್_ಹಾಸನ · ಟೆಕ್ಸಾಸ್ · ಮಾರ್ಚ್ 5, ಬೆಳಿಗ್ಗೆ 7:30

ನಮ್ಮ ಕಡೆಯವರ ಗಾಡಿ ಅಂತ ಓದ್ತಾ ಕೂತೆ. ಅಮೆರಿಕದಲ್ಲಿ ಈ ರೋಸ್ ಮಿಲ್ಕಿಗೆ "ಸ್ಟ್ರಾಬೆರಿ ಮಿಲ್ಕ್‌ಶೇಕ್" ಅಂತಲೇ ಹೆಸರು. 2005ರಿಂದ 2010ರ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳಲ್ಲಿ ರೇಡಿಯೇಟರಿನೊಳಗಿನ ಕೂಲರ್ ಬಿರುಕು ಬಿಟ್ಟು ಇದೇ ರಾಮಾಯಣ ಆಗಿತ್ತು. ಕೊನೆಗೆ ಕಂಪನಿ ರೇಡಿಯೇಟರ್ ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ, ಅಂದ್ರೆ ಸುಮಾರು 1,28,000 ಕಿ.ಮೀ.ಗೆ ವಿಸ್ತರಿಸಿತು. ಕೋರ್ಟಿಗೂ ಹೋದರು ಜನ.

ಆಗ ಇಲ್ಲಿನವರು ಕಂಡುಕೊಂಡ ದಾರಿ ಬೈಪಾಸ್. ರೇಡಿಯೇಟರಿನಿಂದ ಗೇರ್ ಪೈಪು ಕಿತ್ತು, ಮುಂದೆ ಗ್ರಿಲ್ ಹಿಂದೆ ಗಾಳಿಗೆ ಬೇರೆ ಕೂಲರ್ ಕೂರಿಸೋದು. ಎಣ್ಣೆ, ಕೂಲೆಂಟ್ ಮುಖಾಮುಖಿಯೇ ಆಗಲ್ಲ. ಕಾಫಿತೋಟ ಅವರೂ ಅದನ್ನೇ ಮಾಡಿಸೋದು ಒಳ್ಳೇದು ಅಂತ ನನಗನ್ಸುತ್ತೆ.

ಸ್ಪ್ಯಾನರ್_ಕಾಕಾ · ಹುಬ್ಬಳ್ಳಿ · ಮಾರ್ಚ್ 5, ಬೆಳಿಗ್ಗೆ 9:10

ನಾ ಒಪ್ಪಂಗಿಲ್ರಿ. ನಿಮ್ಮ ಊರಾಗ ಹೈವೇ ಮ್ಯಾಲೆ ಗಾಳಿ ಹೊಡ್ಕೊಂತ ಹೋಗ್ತೀರಿ. ಇಲ್ಲಿ ಘಾಟಿನ್ಯಾಗ ಲಾರಿ ಹಿಂದ ಹತ್ತು ಕಿಲೋಮೀಟರ್ ಸ್ಪೀಡ್‌ನ್ಯಾಗ ಅರ್ಧಾ ತಾಸು ಹೋಗಬೇಕು, ಗಾಳಿ ಎಲ್ಲಿಂದ ಬರಬೇಕು? ಕೂಲೆಂಟ್ ಆದ್ರ ಪಂಪ್ ತಿರಗೂ ತನಕ ಶಾಖ ಎಳಕೊಂಡು ಹೋಗ್ತೈತಿ. ಇನ್ನೊಂದು, ಮುಂಜಾನಿ ತಣ್ಣನ ಎಣ್ಣಿನ ಲಗೂನ ಬೆಚ್ಚಗ ಮಾಡೋದೂ ಕೂಲೆಂಟ್‌ನ ಕೆಲಸ. ತಣ್ಣನ ಎಣ್ಣಿ ಗೇರಿಗೆ ಛಲೋ ಅಲ್ಲ. ಹೊಸಾ ರೇಡಿಯೇಟರ್ ಹಾಕಿ ಕಂಪನಿ ಕೊಟ್ಟಂಗ ಇಟ್ಕೋರಿ. ಬೇಕಂದ್ರ ರೇಡಿಯೇಟರ್ ಆದ ಮ್ಯಾಲೆ ಹೊರಗಿನ ಕೂಲರ್ ಜೋಡಸ್ರಿ, ಎರಡೂ ಇರಲಿ.

ಹ್ಯೂಸ್ಟನ್_ಹಾಸನ · ಟೆಕ್ಸಾಸ್ · ಮಾರ್ಚ್ 5, ಬೆಳಿಗ್ಗೆ 9:25

ಎರಡೂ ಇಟ್ಟರೆ ತೂತು ಬೀಳೋ ಭಯವೂ ಹಾಗೇ ಉಳೀತಲ್ಲ ಕಾಕಾ! ಫ್ಯಾನ್ ಇರೋ ಕೂಲರ್ ಹಾಕಿಸಿದ್ರೆ ಘಾಟಿಯಲ್ಲೂ ನಡೆಯುತ್ತೆ.

ಸ್ಪ್ಯಾನರ್_ಕಾಕಾ · ಹುಬ್ಬಳ್ಳಿ · ಮಾರ್ಚ್ 5, ಬೆಳಿಗ್ಗೆ 9:31

ಫ್ಯಾನ್ ಕೆಟ್ಟ ದಿನ ನನಗ ಫೋನ್ ಮಾಡ್ರಿ.

ಸಿಲ್ಕ್‌ಬೋರ್ಡ್_ಸನ್ಯಾಸಿ · ಬೆಂಗಳೂರು · ಮಾರ್ಚ್ 5, ಬೆಳಿಗ್ಗೆ 11:48

ತೂತು ಬೀಳದೇನೂ ಕೂಲೆಂಟ್ ಗೇರಿಗೆ ಹೇಗೆ ಕಾಟ ಕೊಡುತ್ತೆ ಅಂತ ನನ್ನ ಕಥೆ ಹೇಳ್ತೀನಿ, ಚರ್ಚೆಗೆ ಹೊಂದುತ್ತೆ.

ಪೆಟ್ರೋಲ್ ಸೆಡಾನ್, ಆಟೋಮ್ಯಾಟಿಕ್. ಬೇಸಿಗೆಯಲ್ಲಿ ಒಂದ್ಸಲ ಇಂಜಿನ್ ಬಿಸಿಯಾಯ್ತು. ಏರಿಯಾದ ಮೆಕ್ಯಾನಿಕ್ "ನಮ್ಮೂರಿಗೆ ಥರ್ಮೋಸ್ಟಾಟ್ ಯಾಕೆ ಸಾರ್, ಅದು ಫಾರಿನ್ ಚಳಿಗೆ ಮಾಡಿದ್ದು" ಅಂತ ಕಿತ್ತು ಕೈಗೇ ಕೊಟ್ಟ. ಇಂಜಿನ್ ಬೆಚ್ಚಗಾಗೋ ತನಕ ಕೂಲೆಂಟನ್ನ ರೇಡಿಯೇಟರಿಗೆ ಬಿಡದ ವಾಲ್ವ್ ಅದು. ಬಿಸಿ ಆಗೋದು ನಿಂತಿತು, ನಾನೂ ಖುಷಿ. ಆಮೇಲೆ ಶುರುವಾಯ್ತು. ನೈಸ್ ರೋಡಲ್ಲಿ ಹೋದರೂ ಟಾಪ್ ಗೇರಿಗೆ ಬೀಳಲ್ಲ, ಆರ್‌ಪಿಎಂ ಇಳಿಯಲ್ಲ, ಮೈಲೇಜ್ ನೆಲ ಕಚ್ಚಿತು. ಗೇರ್‌ಬಾಕ್ಸ್ ಬಿಚ್ಚಬೇಕು ಅಂತ ಒಬ್ಬರು, ಸೋಲೆನಾಯ್ಡ್ ಅಂತ ಇನ್ನೊಬ್ಬರು. ಮೂರನೆಯವರು ಸ್ಕ್ಯಾನರ್ ಹಾಕಿ ಲೈವ್ ಡೇಟಾ ತೋರಿಸಿದ್ರು: ಅರ್ಧ ಗಂಟೆ ಓಡಿಸಿದ ಮೇಲೂ ಕೂಲೆಂಟ್ 58 ಡಿಗ್ರಿ.

ಗೇರಿನ ಕಂಪ್ಯೂಟರ್ ಕೂಲೆಂಟ್ ಸೆನ್ಸರ್ ಮಾತು ಕೇಳುತ್ತೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಇಂಜಿನ್ ಬೆಚ್ಚಗಾಗಿಲ್ಲ ಅಂತ ಅದಕ್ಕೆ ಅನಿಸಿದ್ರೆ ಲಾಕಪ್ ಕೊಡಲ್ಲ, ಟಾಪ್ ಗೇರ್ ತಡ ಮಾಡುತ್ತೆ. ಲಾಕಪ್ ಇಲ್ಲ ಅಂದ್ರೆ ಕನ್ವರ್ಟರ್ ಜಾರ್ತಾನೇ ಇರುತ್ತೆ. ಜೆಸಿ ರೋಡಿನಿಂದ ಹೊಸ ಥರ್ಮೋಸ್ಟಾಟ್ ತಂದು ಹಾಕಿಸಿದ ದಿನವೇ ಎಲ್ಲಾ ಸರಿ. ಕಿತ್ತ ಹಳೇದು ಇವತ್ತಿಗೂ ಟೇಬಲ್ ಮೇಲಿದೆ, ಪೇಪರ್‌ವೇಟ್.

ಕುಡ್ಲ_ಸವಾರಿ · ಮಂಗಳೂರು · ಮಾರ್ಚ್ 5, ಮಧ್ಯಾಹ್ನ 2:15

ಮುಳ್ಳು ನಡುವೆ ನಿಂತಿತ್ತು ಅಂತ ಕಾಫಿತೋಟದವರು ಹೇಳಿದ್ರಲ್ಲ, ಅದನ್ನು ನಂಬಬೇಡಿ. ಈಗಿನ ತುಂಬಾ ಗಾಡಿಗಳಲ್ಲಿ ಮುಳ್ಳು 80ಕ್ಕೂ ಅಲ್ಲೇ, 105ಕ್ಕೂ ಅಲ್ಲೇ. ಡ್ರೈವರ್ ಹೆದರಬಾರದು ಅಂತ ಕಂಪನಿಯವರೇ ಹಾಗೆ ಮಾಡಿಟ್ಟದ್ದು. ಅಲ್ಲದೆ ಮುಳ್ಳು ಹೇಳೋದು ಇಂಜಿನ್ ವಿಷಯ, ಗೇರ್ ಆಯಿಲ್ ಎಷ್ಟು ಕಾದಿದೆ ಅಂತ ಅದಕ್ಕೆ ಎಂತ ಗೊತ್ತು? ಚಾರ್ಮಾಡಿ ಹತ್ತುವಾಗ ನಾನು ಗಾಡಿಯ ಕಂಪ್ಯೂಟರಿನ ಅಂಕಿ ಮೊಬೈಲ್‌ಗೆ ಕಳಿಸುವ ಸಣ್ಣ ಒಬಿಡಿ ಡಾಂಗಲ್ ಹಾಕಿ ನೋಡಿದ್ದು: ಕೂಲೆಂಟ್ 96, ಗೇರ್ ಆಯಿಲ್ 113. ಆವತ್ತಿನಿಂದ ಘಾಟಿಯಲ್ಲಿ ಡಿ ಬಿಟ್ಟು ಮ್ಯಾನುವಲ್ ಮೋಡ್‌ನಲ್ಲಿ 2ನೇ ಗೇರು. ಪದೇ ಪದೇ ಗೇರು ಬದಲಾಗೋ ಗಲಾಟೆಯೇ ಇಲ್ಲ.

ರಸಾಯನ_ಮೇಷ್ಟ್ರು · ಶಿವಮೊಗ್ಗ · ಮಾರ್ಚ್ 5, ಸಂಜೆ 5:50

ಬೋರ್‌ವೆಲ್ ನೀರಿನ ಬಗ್ಗೆ ಯಾರೂ ಬೈಯಲಿಲ್ಲ, ಆ ಕೆಲಸ ನಂದೇ ಇರಬೇಕು.

ಗಡಸು ನೀರು ಕಾದರೆ ಏನಾಗುತ್ತೆ ಅಂತ ಬಚ್ಚಲುಮನೆ ಗೀಸರ್ ಕಾಯಿಲ್ ನೋಡಿದವರಿಗೆ ಹೇಳಬೇಕಿಲ್ಲ. ಅದೇ ಬಿಳಿ ಹೊಪ್ಪಳೆ ಗೇರ್ ಕೂಲರಿನ ತಗಡಿನ ಮೇಲೂ ಕೂರುತ್ತೆ, ಶಾಖ ದಾಟೋಕೆ ಬಿಡಲ್ಲ. ಮಟ್ಟ ಸರಿ ಇದೆ, ಮುಳ್ಳು ಸರಿ ಇದೆ, ಆದರೂ ಎಣ್ಣೆ ಒಳಗೇ ಬೇಯುತ್ತೆ. ಅದಕ್ಕಿಂತ ಕೆಟ್ಟದ್ದು ಅಂದ್ರೆ, ನೀರು ಹಾಕಿದಷ್ಟೂ ಕೂಲೆಂಟಿನಲ್ಲಿರೋ ತುಕ್ಕು ತಡೆಯುವ ರಾಸಾಯನಿಕ ತೆಳುವಾಗುತ್ತೆ. ಆ ತಡೆ ಹೋದ ಮೇಲೆ ತೆಳು ಲೋಹ ಒಳಗಿಂದ ತಿನ್ನಿಸಿಕೊಳ್ಳುತ್ತೆ. ನಿಮ್ಮ ಕೂಲರಿಗೆ ತೂತು ಬಿದ್ದಿದ್ದು ನೀವು ನೀರು ಹಾಕಿದ್ದರಿಂದ ಅಂತ ನಾನು ಹೇಳಲ್ಲ, ಎರಡು ತಿಂಗಳು ಅದಕ್ಕೆ ಸಾಲದು. ನಿಮಗಿಂತ ಮುಂಚಿನ ಮಾಲೀಕರು ಏನು ಕುಡಿಸಿದ್ರೋ.

ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಅನ್ನೋದು ಸುಮ್ಮನೆ ಬಂದ ಲೆಕ್ಕ ಅಲ್ಲ. ಬೆಂಗಳೂರಿನ ಎತ್ತರದಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಅರ್ಧರ್ಧ ಮಿಶ್ರಣ, ಜೊತೆಗೆ ಒತ್ತಡದ ಮುಚ್ಚಳ ಇದ್ದರೆ ಕುದಿಯುವ ಬಿಂದು 130ರ ಹತ್ತಿರ ಹೋಗುತ್ತೆ. ಹಾಗಂತ ಪೂರ್ತಿ ಕಾನ್ಸಂಟ್ರೇಟ್ ಸುರೀಬೇಡಿ. ಶಾಖ ಹೊರುವುದರಲ್ಲಿ ನೀರೇ ಗಟ್ಟಿ, ಗ್ಲೈಕಾಲ್ ಅದರ ಮುಕ್ಕಾಲು ಪಾಲೂ ಹೊರಲ್ಲ. ಇನ್ನು "ರೆಡಿ ಮಿಕ್ಸ್" ಕ್ಯಾನ್ ತಂದು ಅದಕ್ಕೆ ಮತ್ತೆ ನೀರು ಬೆರೆಸುವವರನ್ನು ನಾನೇ ಕಂಡಿದ್ದೀನಿ, ನಮ್ಮ ಸ್ಟಾಫ್ ರೂಮಿನಲ್ಲೇ ಇಬ್ಬರು.

ಬಣ್ಣ ನೋಡಿ ಕೊಳ್ಳೋದೂ ಬೇಡ. ಹಸಿರು, ನೀಲಿ, ಗುಲಾಬಿ ಎಲ್ಲಾ ಆಯಾ ಕಂಪನಿ ಹಾಕಿದ ಡೈ. ಒಂದೇ ಗುಲಾಬಿಯಲ್ಲಿ ಬೇರೆ ಬೇರೆ ರಸಾಯನ ಇರಬಹುದು. ಹೊಂದದ್ದನ್ನು ಬೆರೆಸಿದ್ರೆ ಕೆಲವು ಗಸಿ ಕಟ್ಟುತ್ತವೆ. ಆ ಗಸಿ ಮೊದಲು ಕಟ್ಟಿಹಾಕೋದು ಕಿರಿದಾದ ದಾರಿಗಳನ್ನೇ, ಗೇರ್ ಕೂಲರ್ ಅಂಥ ಕಿರಿದಾದ ದಾರಿ. ಮ್ಯಾನುವಲ್ ಪುಸ್ತಕದಲ್ಲಿ ಬರೆದ ದರ್ಜೆ ನೋಡಿ ತನ್ನಿ.

ಕಾಫಿತೋಟ_576 · ಸಕಲೇಶಪುರ · ಮಾರ್ಚ್ 9, ರಾತ್ರಿ 8:55

ಬೈಗುಳ ಸ್ವೀಕರಿಸಿದೆ ಮೇಷ್ಟ್ರೇ.

ಕಾಕಾ ಹೇಳಿದ ಹಾಗೆ ಸ್ಟಾರ್ಟ್ ಮಾಡಲಿಲ್ಲ. ಫ್ಲಾಟ್‌ಬೆಡ್ ತರಿಸಿ ಹಾಸನದ ಬೇರೆ ಗ್ಯಾರೇಜಿಗೆ ಕಳಿಸಿದೆ. ಮೊದಲು ಬಂದ ಟೋಯಿಂಗ್ ಹುಡುಗ ಹಗ್ಗ ಕಟ್ಟಿ ಎಳೀತೀನಿ ಅಂದ, ವಾಪಸ್ ಕಳಿಸಿದೆ. ಇಂಜಿನ್ ಆಫ್ ಇದ್ದಾಗ ಗೇರ್‌ಬಾಕ್ಸ್ ಪಂಪ್ ತಿರುಗಲ್ಲ, ಚಕ್ರ ಮಾತ್ರ ತಿರುಗಿದ್ರೆ ಒಳಗೆ ಎಣ್ಣೆ ಇಲ್ಲದೆ ಸವೆಯುತ್ತೆ ಅಂತ ಮ್ಯಾನುವಲ್ ಪುಸ್ತಕದಲ್ಲೇ ಇತ್ತು.

ಇವತ್ತು ನನ್ನೆದುರಿಗೇ ಬಿಚ್ಚಿದ್ರು. ರೇಡಿಯೇಟರ್ ಹೊರಗೆ ತೆಗೆದು, ಕೂಲರಿನ ಒಂದು ಬಾಯಿ ಮುಚ್ಚಿ ಇನ್ನೊಂದಕ್ಕೆ ಗಾಳಿ ಕೊಟ್ಟು ನೀರಿನ ಡ್ರಮ್ಮಿಗೆ ಮುಳುಗಿಸಿದ್ರು. ಸೈಕಲ್ ಟ್ಯೂಬ್ ಪಂಚರ್ ನೋಡೋ ಹಾಗೆ. ಟ್ಯಾಂಕ್ ಒಳಗಿಂದ ಗುಳುಗುಳು ಅಂತ ಗುಳ್ಳೆ ಬಂತು. ಆಮೇಲೆ ಗೇರ್‌ಬಾಕ್ಸಿನ ಪ್ಯಾನ್ ಇಳಿಸಿದ್ರು. ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್, ಫಿಲ್ಟರ್ ಬಾಯಲ್ಲಿ ಕಂದು ನಾರು ನಾರು. ಅಲ್ಲಿಗೇ ಗೊತ್ತಾಯ್ತು. ಮೂರು ಸಲ ಫ್ಲಶ್ ಮಾಡಿ ನೋಡೋಣ್ವಾ ಅಂತ ಕೇಳಿದೆ. ಮೇಸ್ತ್ರಿ ಏನೂ ಹೇಳದೆ, ಮೊದಲು ಸಿಕ್ಕ ಕ್ಲಚ್ ಪ್ಲೇಟಿನ ಅಂಚಿಗೆ ಉಗುರು ಕೊಟ್ಟರು. ಮಳೆಯಲ್ಲಿ ನೆನೆದ ಸಿನಿಮಾ ಪೋಸ್ಟರ್ ಗೋಡೆಯಿಂದ ಏಳುತ್ತಲ್ಲ, ಹಾಗೇ ಇಡೀ ಪದರ ಎದ್ದು ಬಂತು.

ಪ್ಲೇಟು, ಸೀಲುಗಳು, ಟಾರ್ಕ್ ಕನ್ವರ್ಟರ್, ರೇಡಿಯೇಟರ್ ಎಲ್ಲಾ ಹೊಸದು. ಲೆಕ್ಕ 1,85,000ಕ್ಕೆ ನಿಂತಿದೆ.

ಫೋರ್ತ್‌ಬ್ಲಾಕ್_ಹುಡುಗ · ಬೆಂಗಳೂರು · ಮಾರ್ಚ್ 9, ರಾತ್ರಿ 9:20

ಹೆಡ್ ಗ್ಯಾಸ್ಕೆಟ್ ಅಂದಿದ್ದಕ್ಕೆ ಸಾರಿ ಸಾರ್. ಒಂದು ಡೌಟು, ಕನ್ವರ್ಟರ್ ಯಾಕೆ ಬದಲಾಯಿಸಬೇಕು? ತೊಳೆದು ಹಾಕಬಹುದಲ್ವಾ, ದುಡ್ಡು ಉಳಿಯುತ್ತಿತ್ತು.

ಸ್ಪ್ಯಾನರ್_ಕಾಕಾ · ಹುಬ್ಬಳ್ಳಿ · ಮಾರ್ಚ್ 9, ರಾತ್ರಿ 9:45

ಕನ್ವರ್ಟರ್ ಅಂದ್ರ ಸುತ್ತಲೂ ವೆಲ್ಡ್ ಮಾಡಿದ ಡಬ್ಬಿ ತಮ್ಮಾ. ಬಿಚ್ಚಾಕ ಬೋಲ್ಟ್ ಇಲ್ಲ. ಒಳಗ ಲೀಟರ್‌ಗಟ್ಟಲೆ ಎಣ್ಣಿ ಉಳೀತೈತಿ, ಲಾಕಪ್ ಕ್ಲಚ್ಚಿಗೂ ಅದ ಕಾಗದದ ಪದರಾನ ಹಚ್ಚಿರ್ತಾರ. ಪ್ಯಾನ್ ಬಿಚ್ಚಿ ಡ್ರೇನ್ ಮಾಡಿದ್ರ ಒಟ್ಟು ಎಣ್ಣಿಯೊಳಗ ಅರ್ಧಾನೂ ಬರಂಗಿಲ್ಲ, ಉಳಿದಿದ್ದು ಕನ್ವರ್ಟರ್‌ನ್ಯಾಗ ಕುಂತಿರ್ತೈತಿ. ಹಳೇದ ಹಾಕಿದ್ರ ಹೊಸಾ ಪ್ಲೇಟಿಗೂ ಹಳೇ ಗ್ಲೈಕಾಲ್ ಕುಡಿಸಿದಂಗ.

ಫ್ಲಶ್ ಮಾಡಿ ಉಳಿಸಿದ ಗಾಡಿನೂ ನಾ ನೋಡೇನಿ, ಇಲ್ಲ ಅನ್ನಂಗಿಲ್ಲ. ಆದ್ರ ಅವ್ರು ಕೆನಿ ನೋಡಿದ ದಿನಾನ ಗಾಡಿ ನಿಲ್ಲಿಸಿದವ್ರು, ನಡುಕ ಬರೂಕಿಂತ ಮೊದಲ. ನಡುಕ ಬಂತಂದ್ರ ಪದರ ಏಳಾಕ ಹತ್ತೈತಿ ಅಂತನ ಲೆಕ್ಕ.

ಕಾಫಿತೋಟ ಅವರ, ಬೈಪಾಸ್ ಮಾಡ್ಸಿದ್ರೋ ಇಲ್ಲೋ?

ಕಾಫಿತೋಟ_576 · ಸಕಲೇಶಪುರ · ಮಾರ್ಚ್ 10, ಬೆಳಿಗ್ಗೆ 6:50

ಇಬ್ಬರ ಮಾತೂ ಅರ್ಧರ್ಧ ಕೇಳಿದೆ ಕಾಕಾ. ರೇಡಿಯೇಟರ್ ಹೊಸದು, ಪೈಪು ಕಂಪನಿ ಕೊಟ್ಟ ದಾರಿಯಲ್ಲೇ. ಹೊರಗಿನ ಕೂಲರಿಗೆ ಜಾಗ ನೋಡಿಟ್ಟಿದ್ದಾರೆ, ಮಳೆಗಾಲ ಕಳೆದ ಮೇಲೆ ಯೋಚನೆ ಮಾಡ್ತೀನಿ. ಹ್ಯೂಸ್ಟನ್ ಅವರು ಬೇಜಾರಾಗಬಾರದು.

ಹ್ಯೂಸ್ಟನ್_ಹಾಸನ · ಟೆಕ್ಸಾಸ್ · ಮಾರ್ಚ್ 10, ಬೆಳಿಗ್ಗೆ 7:15

ಬೇಜಾರೇನಿಲ್ಲ. ತಗಡು ಹೊಸದು ಅಲ್ವಾ, ಕೆಲವು ವರ್ಷ ಚಿಂತೆ ಇಲ್ಲ. ಆಮೇಲೆ ರೇಡಿಯೇಟರನ್ನೂ ಬೆಲ್ಟಿನ ಹಾಗೆ ವಯಸ್ಸಾಗೋ ಸಾಮಾನು ಅಂತ ಲೆಕ್ಕ ಇಡಿ.

ದಾವಣಗೆರೆ_ಬೆಣ್ಣೆ · ದಾವಣಗೆರೆ · ಮಾರ್ಚ್ 10, ಬೆಳಿಗ್ಗೆ 8:02

ತೆಗೆದ ರೋಸ್ ಮಿಲ್ಕ್ ಏನ್ ಮಾಡಿದ್ರಿ?

ಕಾಫಿತೋಟ_576 · ಸಕಲೇಶಪುರ · ಮಾರ್ಚ್ 10, ಬೆಳಿಗ್ಗೆ 8:20

ಕ್ಯಾನಿಗೆ ತುಂಬಿ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ ಪಕ್ಕ ಬೇರೆಯಾಗಿ ಇಟ್ಟಿದ್ದಾರೆ. ಚರಂಡಿಗೆ ಬಿಡಬೇಡಿ ಅಂದಿದ್ದಕ್ಕೆ ಮೇಸ್ತ್ರಿ ನನ್ನ ಮುಖ ಒಂಥರಾ ನೋಡಿದ್ರು, ಆದರೆ ಬಿಡಲಿಲ್ಲ.

ಕಾಫಿತೋಟ_576 · ಸಕಲೇಶಪುರ · ಮಾರ್ಚ್ 29, ಬೆಳಿಗ್ಗೆ 6:35

ಗಾಡಿ ಬಂದು 11 ದಿನ ಆಯ್ತು. ಶಿರಾಡಿ ಎರಡು ಸಲ ಹತ್ತಿ ಇಳಿದೆ, ನಡುಕ ಇಲ್ಲ. ಡಾಂಗಲ್ ತರಿಸಿಕೊಂಡೆ, ಗೇರ್ ಆಯಿಲ್ 98 ದಾಟಿಲ್ಲ. ಕೂಲೆಂಟ್ ಡಬ್ಬಿ ಮೇಲೆ ಮಗಳ ಮಾರ್ಕರ್ ತಗೊಂಡು ಮಟ್ಟಕ್ಕೆ ಸರಿಯಾಗಿ ಗೆರೆ ಎಳೆದು ತಾರೀಕು ಬರೆದಿದ್ದೀನಿ. ದಿನಾ ನೋಡ್ತೀನಿ. ಗೆರೆ ಅಲ್ಲೇ ಇದೆ.

ಸ್ಪ್ಯಾನರ್_ಕಾಕಾ · ಹುಬ್ಬಳ್ಳಿ · ಮಾರ್ಚ್ 29, ಬೆಳಿಗ್ಗೆ 7:10

ಇಂಜಿನ್ ತಣ್ಣಗಿದ್ದಾಗ ನೋಡಿದ್ರಿ ಹೌದಲ್ರಿ?

ಕಾಫಿತೋಟ_576 · ಸಕಲೇಶಪುರ · ಮಾರ್ಚ್ 29, ಬೆಳಿಗ್ಗೆ 7:12

ಹೌದು ಕಾಕಾ. ಕಾಫಿಗೂ ಮುಂಚೆ.